ನನ್ನ ಗಂಟಲು ಕಟ್ಟಿದ ದಿನ

ನನ್ನ ಬೊಬ್ಬೆ ಊರಿಗೇ ಗೊತ್ತು. ಸುಳ್ಯ ತಾಲೂಕಿನ ನಮ್ಮ ಅಂಗನವಾಡಿಯಲ್ಲಿ ನಾನು "ಕೈ ತೊಳೆಯಿರಿ" ಎಂದು ಕೂಗಿದರೆ ಕೆಳಗಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವವರೂ ತಮ್ಮ ಕೈ ನೋಡಿಕೊಳ್ಳುತ್ತಾರಂತೆ. ಒಂದೇ ಕೋಣೆಯಲ್ಲಿ ಅಷ್ಟು ಮಕ್ಕಳನ್ನು ಹಿಡಿದು ಕೂರಿಸುವವಳಿಗೆ ಗಂಟಲೇ ಬಂಡವಾಳ, ನನಗೇನೂ ನಾಚಿಕೆಯಿಲ್ಲ. ಆದರೆ ಅದೇ ಗಂಟಲು ಒಂದು ಮಗುವಿನ ವಿಷಯದಲ್ಲಿ ಎರಡು ವರ್ಷ ನನಗೆ ಮೋಸ ಮಾಡಿತು.

ಆ ಹುಡುಗಿಗೆ ಆಗ ಐದು ಕಳೆದಿತ್ತು. ಬರುವ ಜೂನಿಗೆ ಒಂದನೇ ತರಗತಿ. ಮಾತು ಮಾತ್ರ ಐದಾರು ಶಬ್ದ, ಅದೂ ಅರ್ಧರ್ಧ. ಅದಕ್ಕೆ ನಮ್ಮಲ್ಲಿ ಕಾರಣ ಸಿದ್ಧವಾಗಿಯೇ ಇತ್ತು. ಅಪ್ಪನ ಮನೆಯಲ್ಲಿ ನಮ್ಮ ಕಡೆಯ ಗೌಡರಾಡುವ ಅರೆಭಾಷೆ, ಅಮ್ಮನ ತವರು ಗಡಿಯ ಈಶ್ವರಮಂಗಲದ ಕಡೆ, ಅಲ್ಲಿ ತುಳುವೂ ಮಲಯಾಳವೂ, ಅಂಗನವಾಡಿಯಲ್ಲಿ ಕನ್ನಡ.

"ಇಷ್ಟು ಭಾಷೆ ಒಟ್ಟಿಗೆ ಒಳಗೆ ಹೋದ್ರೆ ಹೊರಗೆ ಬರ್ಲಿಕ್ಕೆ ತಡ ಆಗುದೇ ಅಲ್ವಾ ಟೀಚರೇ?" ಎನ್ನುತ್ತಿದ್ದರು ಅವಳ ಅಜ್ಜಿ. ನಾನೂ ತಲೆಯಾಡಿಸಿದ್ದೆ. ಪಕ್ಕದ ಮನೆಯ ಮಕ್ಕಳು ಅವೇ ನಾಲ್ಕು ಭಾಷೆಯಲ್ಲಿ ಸಲೀಸಾಗಿ ಜಗಳವಾಡುತ್ತಿದ್ದುದು ನಮ್ಮ ಯಾರ ತಲೆಗೂ ಹೋಗಲಿಲ್ಲ. ವರ್ಷಕ್ಕೆರಡು ಸಲ ತಾಲೂಕು ಆಸ್ಪತ್ರೆಯ ತಂಡ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು ನೋಡುತ್ತದೆ. ಆ ದಿನ ಸೂಜಿಗೆ ಹೆದರಿ ಅಜ್ಜಿ ಅವಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ನಾನು ಕರೆದಾಗಲೆಲ್ಲ ತಿರುಗುವ ಮಗುವಲ್ಲವೇ ಎಂದು ನಾನೂ ಸುಮ್ಮನಿದ್ದೆ.

ಮಕ್ಕಳ ದಿನಾಚರಣೆಗೆ ಹಾಡು ಕಲಿಸಿ ಕಲಿಸಿ ನನ್ನ ಗಂಟಲು ಕಟ್ಟಿತು. ಪಿಸುಮಾತಿನ ಮೇಲೆ ಒಂದಕ್ಷರ ಹೊರಡದು. ಮಕ್ಕಳಿಗೆ ಹಬ್ಬವೋ ಹಬ್ಬ, ಎಲ್ಲರೂ ನನ್ನಂತೆಯೇ ಪಿಸಪಿಸ ಶುರುಮಾಡಿದರು. ಅವಳೊಬ್ಬಳು ನನಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಮರದ ಬಿಲ್ಲೆ ಜೋಡಿಸುತ್ತಿದ್ದಳು. ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಬೆನ್ನ ಹಿಂದೆಯೇ ನಿಂತು, "ಮೊಟ್ಟೆ ಬೇಕಾ?" ಎಂದೆ. ಮೊಟ್ಟೆಯೆಂದರೆ ಪ್ರಾಣ ಬಿಡುವವಳು ಅಲುಗಾಡಲಿಲ್ಲ. ಆಚೆ ಮೂಲೆಯಿಂದ ಇಬ್ಬರು ತಟ್ಟೆ ಹಿಡಿದು ಓಡಿ ಬಂದರು.

ಭಾಷೆ ಹೆಚ್ಚಾದದ್ದಲ್ಲ, ಯಾವ ಭಾಷೆಯೂ ಸರಿಯಾಗಿ ಒಳಗೆ ಹೋಗಿಯೇ ಇರಲಿಲ್ಲ! ಅವಳಿಗೆ ಕೇಳುತ್ತಿದ್ದದ್ದು ನನ್ನ ಬೊಬ್ಬೆ ಮಾತ್ರ. ಹೀಗೇ ಶಾಲೆಗೆ ಹೋದರೆ ಮೊದಲ ವಾರವೇ ದಡ್ಡಿಯೆಂಬ ಹೆಸರು ಅಂಟುತ್ತದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಮುಂದಿನ ವಾರ ತಂಡ ಬರುವಾಗ ಮಗುವನ್ನು ಕಳುಹಿಸಲೇಬೇಕೆಂದೆ.

"ಫ್ರೀ ಕೊಡುದೆಲ್ಲ ಒಳ್ಳೆದು ಇರ್ಲಿಕ್ಕಿಲ್ಲ ಟೀಚರೇ," ಎಂದರು ಅಜ್ಜಿ.

"ನಿಮ್ಮ ತೋಟದ ಪಂಪಿಗೆ ಕರೆಂಟು ಫ್ರೀ ಅಲ್ವಾ ಮಾರಾಯ್ರೆ? ಅದರಲ್ಲಿ ನೀರು ಬರುದಿಲ್ವಾ?"

ಕಿರುಚಬೇಕೆಂದೇ ಬಾಯಿ ತೆರೆದದ್ದು, ಹೊರಟದ್ದು ಪಿಸುಮಾತು. ಅಜ್ಜಿ ಕೇಳಿಸಿಕೊಳ್ಳಲು ಹತ್ತಿರ ಬಂದು ಕೂತರು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಮಗುವಿನ ತಾಯಿ, "ಅತ್ತೆ, ನಾನೇ ಕರ್ಕೊಂಡು ಬರ್ತೇನೆ," ಎಂದಳು. ಅಜ್ಜಿ ಇಲ್ಲವೆನ್ನಲಿಲ್ಲ.

ಆಮೇಲೆ ಎಲ್ಲ ಎಷ್ಟು ಬೇಗ ಆಯಿತೆಂದರೆ ಈಗ ನೆನೆದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ತಂಡದ ಡಾಕ್ಟರು ಕಿವಿ ನೋಡಿ ಚೀಟಿ ಬರೆದರು. ಮಂಗಳೂರಿನ ಸರಕಾರಿ ಆಸ್ಪತ್ರೆಗೆ ನಾವು ಮೂವರು ಹೆಂಗಸರು ಮಗುವಿನೊಂದಿಗೆ ಹೋದೆವು, ಸರಕಾರಿ ಬಸ್ಸಿನಲ್ಲಿ, ಅದೂ ಫ್ರೀ! ಪರೀಕ್ಷೆಯಾಗಿ, ಕೆಲವು ವಾರ ಕಳೆದು, ಎರಡೂ ಕಿವಿಗೆ ಮೆಷಿನ್ ಬಂತು. ಹಾಕಿದ ದಿನ ಹೊರಗೆ ಕಾಗೆ ಕೂಗಿದ್ದಕ್ಕೆ ಆ ಮಗು ತಾಯಿಯ ಸೆರಗು ಹಿಡಿದು, ಕತ್ತು ಎತ್ತಿ, ಮರದಲ್ಲೆಲ್ಲ ಹುಡುಕಿತು. ಅಜ್ಜಿ ಅತ್ತರು. ನಾನು ಅಳಲಿಲ್ಲ, ಕುಣಿಯುವುದೊಂದು ಬಾಕಿ.

ಸರಕಾರದ ದುಡ್ಡು ಎಲ್ಲಿಗೆ ಹೋಗುತ್ತದೋ ಎಂದು ದರ್ಬೆ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೇಳುವವರನ್ನು ಕಂಡರೆ ಈಗ ನನಗೆ ಜಗಳಕ್ಕೆ ಹೋಗಬೇಕೆನಿಸುತ್ತದೆ. ಎರಡು ಪುಟ್ಟ ಕಿವಿಯೊಳಗೆ ಹೋಗಿದೆ, ಬಂದು ನೋಡಿ.

ಮಾತು ಮರುದಿನವೇ ಬರಲಿಲ್ಲ. ವಾರಕ್ಕೊಮ್ಮೆ ತಾಯಿ ಅವಳನ್ನು ಮಾತಿನ ತರಬೇತಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಅಜ್ಜಿ ಅರೆಭಾಷೆಯಲ್ಲಿ ಬೆಳಗ್ಗೆಯಿಂದ ಬೈಗಿನವರೆಗೆ ಹರಟಿದರು. ಒಂದೊಂದೇ ಶಬ್ದ ಹೊರಬಿತ್ತು. ಬೇಸಿಗೆ ಬಂತು, ಶಾಲೆಗೆ ಇನ್ನು ಕೆಲವೇ ವಾರ. ಎರಡು ಶಬ್ದ ಕೂಡಿಸಿ ಹೇಳುತ್ತಾಳೋ ಇಲ್ಲವೋ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನು ಎಂದಿನಂತೆ, "ಕೈ ತೊಳೆಯಿರಿ!" ಎಂದು ಕೂಗಿದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ ನನ್ನತ್ತ ನೋಡಿದಳು.

"ಟೀಚರ್, ಬೊಬ್ಬೆ ಹಾಕ್ಬೇಡಿ. ನಂಗೆ ಕೇಳ್ತದೆ."