ವೋಚರಿನ ಮೇಲೆ ಮಗಳ ಸಹಿ

ನನ್ನ ಮಗಳಿಗೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಸಂಬಳ ಎನ್ನುವುದು ಸರ್ಕಾರಕ್ಕೆ ಗೊತ್ತಿತ್ತು. ನನ್ನ ಆಡಿಟರಿಗೆ ಗೊತ್ತಿತ್ತು. ನನಗಂತೂ ಗೊತ್ತೇ ಇತ್ತು. ಕೊಡುವುದೊಂದು ಬಾಕಿ ಇತ್ತು, ಅಷ್ಟೆ.

ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಕೇಳಿದಿರಿ. ಜ್ವರ ಎಂದೆ. ಜ್ವರವೇನೂ ಇರಲಿಲ್ಲ. ಬರೆಯಲು ಕೂತರೆ ತಲೆಯಲ್ಲಿ ಇದೊಂದೇ ವಿಷಯ. ಇದನ್ನು ಬರೆಯಲು ನಾಚಿಕೆ. ಈಗ ನಾಚಿಕೆಪಟ್ಟುಕೊಂಡೂ ಸಾಕಾಗಿದೆ. ಬರೆದುಬಿಡುತ್ತೇನೆ.

ಹೊನ್ನಾವರದಲ್ಲಿ ನನ್ನದು ಬೋಟ್ ಎಂಜಿನ್ನಿನ ಸ್ಪೇರ್‌ಪಾರ್ಟ್ಸ್ ಅಂಗಡಿ (ಹೊಸ ಓದುಗರಿಗಾಗಿ ಹೇಳಿದೆ, ಹಳಬರಿಗೆ ಇಲ್ಲಿನ ಗ್ರೀಸಿನ ವಾಸನೆ ಕೂಡ ಪರಿಚಯ). ಮಗಳು ಶುಭಾ ಬಿ.ಕಾಂ. ಮುಗಿಸಿದ ವರ್ಷವೇ ಕೌಂಟರಿನಲ್ಲಿದ್ದ ಗಜಾನನ ಮಂಡಿ ನೋವೆಂದು ಕೆಲಸ ಬಿಟ್ಟ. "ಬೇರೆ ಜನ ಸಿಗುವ ತನಕ ಎರಡು ದಿನ ಕೂತಿರು ಮಗಾ" ಎಂದೆ. ಕೂತಳು. ಎರಡು ದಿನ ಹೋಗಿ ಮೂರು ವರ್ಷವಾಯಿತು. (ಬೇರೆ ಜನರನ್ನು ನಾನು ಹುಡುಕಲೇ ಇಲ್ಲ ಎನ್ನುವುದನ್ನೂ ಹೇಳಬೇಕಲ್ಲ.)

ಮೊದಲ ತಿಂಗಳು ನಟ್ಟು ಯಾವುದು, ಬೋಲ್ಟು ಯಾವುದು ಎಂದು ಕೇಳುತ್ತಿದ್ದವಳು ವರ್ಷ ಕಳೆಯುವಷ್ಟರಲ್ಲಿ ನನಗೇ ಪಾರ್ಟ್ ನಂಬರ್ ಹೇಳಿಕೊಡತೊಡಗಿದಳು. ಮೀನುಗಾರರು ಒಡೆದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ತಂದರೆ, ತಿರುಗಿಸಿ ನೋಡಿ, ಯಾವ ಎಂಜಿನ್ನಿನದು, ಯಾವ ಜಾಗದ್ದು ಎಂದು ಹೇಳುತ್ತಾಳೆ. ಮಳೆಗಾಲ ಮುಗಿದು ಬೋಟು ನೀರಿಗೆ ಇಳಿಯುವ ದಿನಗಳಲ್ಲಿ ಅವಳಿಗೆ ಊಟಕ್ಕೂ ಪುರುಸೊತ್ತಿಲ್ಲ.

ಅಷ್ಟಾದರೂ ಮನೆಗೆ ಬಂದ ನೆಂಟರು "ಮಗಳು ಎಂತ ಮಾಡ್ತಾಳೆ?" ಎಂದು ಕೇಳಿದರೆ ನಮ್ಮ ಉತ್ತರ ಒಂದೇ. "ಎಂತ ಇಲ್ಲ, ಮನೆಲೇ ಇದ್ದಾಳೆ."

ನಿಮ್ಮ ಮನೆಯಲ್ಲೂ ಇದೇ ಉತ್ತರವೇ?

ಎರಡು ಸಾವಿರದ ಇಸವಿಯಲ್ಲಿ ಕುಮಟೆಯಲ್ಲಿರುವ ನಮ್ಮ ಆಡಿಟರು ಒಂದು ದಿನ ಲೆಕ್ಕ ನೋಡುತ್ತಾ ಹೇಳಿದರು. "ಮಗಳು ಅಂಗಡಿಯಲ್ಲಿ ಕೆಲಸ ಮಾಡ್ತಾಳಲ್ಲ, ಸಂಬಳ ಕೊಡಿ. ಅಷ್ಟು ಅಂಗಡಿಯ ಖರ್ಚಿನ ಲೆಕ್ಕಕ್ಕೆ ಹೋಗ್ತದೆ, ನಿಮ್ಮ ಟ್ಯಾಕ್ಸ್ ಇಳೀತದೆ. ಅವಳಿಗೆ ಐವತ್ತು ಸಾವಿರದ ತನಕ ಟ್ಯಾಕ್ಸೇ ಇಲ್ಲ."

"ಇದು ಕಾನೂನಿಗೆ ಸರಿಯಾ?" ಎಂದು ಕೇಳಿದೆ.

"ಪೂರಾ ಸರಿ. ಶಾಲೆಗೆ ಹೋಗುವ ಮಗುವಿನ ಹೆಸರಿನಲ್ಲಿ ಬರೆದರೆ ತಕರಾರು. ಆ ಆದಾಯವನ್ನು ಸಾಧಾರಣವಾಗಿ ಅಪ್ಪ ಅಮ್ಮನ ಆದಾಯಕ್ಕೇ ಸೇರಿಸ್ತಾರೆ. ಇವಳಿಗೆ ಹದಿನೆಂಟು ಕಳೆದಿದೆ, ನಿಜವಾಗಿ ದುಡೀತಾಳೆ. ಹೊರಗಿನವರಿಗೆ ಎಷ್ಟು ಕೊಡ್ತೀರೋ ಅಷ್ಟು ಕೊಟ್ಟರೆ ಆತು. ಆದರೆ ಚೆಕ್‌ನಲ್ಲೇ ಕೊಡಿ."

ಕೊನೆಯ ವಾಕ್ಯ ಬಿಟ್ಟು ಉಳಿದದ್ದೆಲ್ಲ ನನಗೆ ಚೆನ್ನಾಗಿ ಕೇಳಿಸಿತು.

ತಿಂಗಳಿಗೆ ನಾಲ್ಕು ಸಾವಿರ, ನಗದು ಎಂದು ಪುಸ್ತಕದಲ್ಲಿ ಬರೆದೆ. ಮಾರ್ಚ್ ಕೊನೆಗೆ, ಹಣ ಮುಟ್ಟಿತೆಂದು ಬರೆದ ಹನ್ನೆರಡು ವೋಚರಿಗೆ ರೆವೆನ್ಯೂ ಸ್ಟಾಂಪು ಹಚ್ಚಿ ಅವಳ ಮುಂದಿಟ್ಟೆ. "ಇದಕ್ಕೆಲ್ಲ ಒಂದೊಂದು ಸಹಿ ಹಾಕು ಮಗಾ, ಆಡಿಟರು ಕೇಳಿದ್ದಾರೆ." ಹಾಕಿದಳು. ಮರುವರ್ಷವೂ ಹಾಕಿದಳು. ಆಡಿಟರು ಕೇಳಿದಾಗ "ಕೈಯಲ್ಲೇ ಕೊಟ್ಟಿದ್ದೇನೆ" ಎಂದೆ. ನನ್ನ ಮನಸ್ಸಿನಲ್ಲಿ ಅದು ಸುಳ್ಳಾಗಿರಲಿಲ್ಲ. ಊಟ ಯಾರದ್ದು? ಬಟ್ಟೆ ಯಾರದ್ದು? ನಾಳೆ ಮದುವೆ ಮಾಡುವವರು ಯಾರು?

ಆಮೇಲೆ ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ನೋಟೀಸು ಬಂತು. ಲೆಕ್ಕ ಪರಿಶೀಲನೆ ಇದೆ, ಪುಸ್ತಕ ತನ್ನಿ, ಸಂಬಳ ಪಡೆದ ಮಗಳನ್ನೂ ಕರೆತನ್ನಿ.

ಹೋಗುವ ದಿನ ಬಸ್ಸಿನಲ್ಲಿ ಅವಳ ಪಕ್ಕ ಕೂತು ಹೇಗೆ ಶುರುಮಾಡುವುದೆಂದು ಬಹಳ ಹೊತ್ತು ಒದ್ದಾಡಿದೆ. ಕೊನೆಗೆ, "ಆ ವೋಚರಿದ್ದವಲ್ಲ, ಅವು ನಿನ್ನ ಸಂಬಳದ್ದು" ಎಂದೆ.

"ಗೊತ್ತಿತ್ತಪ್ಪ. ಓದಿಯೇ ಸಹಿ ಹಾಕಿದ್ದೆ."

ಬಿ.ಕಾಂ. ಮಾಡಿದವಳಿಗೆ ವೋಚರು ಓದಲು ಬರುವುದಿಲ್ಲವೇ? ನನಗೆ ಇದು ಹೊಳೆದದ್ದು ಆಗ.

"ಮತ್ತೆ ಕೇಳಲಿಲ್ಲ?"

"ಮೊದಲ ವರ್ಷ ಕೊಡ್ತೀರಿ ಅಂತ ಕಾದೆ. ಎರಡನೇ ವರ್ಷ ಕಾಯಲಿಲ್ಲ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು. ಆ ಅನುಕೂಲವನ್ನೂ ಕೊಡಲಿಲ್ಲ.

ಆಫೀಸರು ನನಗಿಂತ ಚಿಕ್ಕವರು, ಸಮಾಧಾನದ ಮನುಷ್ಯ. ಆಡಿಟರು ನನ್ನ ಪಕ್ಕ ಕೂತಿದ್ದರು. ಆಫೀಸರ ಅನುಮಾನ ಒಂದೇ. ಬೋಟಿನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಹುಡುಗಿಗೆ ಏನು ಕೆಲಸ? ಹೆಸರಿಗೆ ಮಾತ್ರ ಬರೆದಿದ್ದೀರೇನು? ಬಿಲ್ಲಿನ ಕಟ್ಟಿನಿಂದ ಒಂದನ್ನು ಎಳೆದು, "ಇಂಪೆಲ್ಲರ್ ಅಂತ ಇದೆ. ಏನಮ್ಮ ಹಾಗಂದರೆ?" ಎಂದರು.

"ಎಂಜಿನ್ ತಣ್ಣಗಿಡಲು ಸಮುದ್ರದ ನೀರನ್ನು ಒಳಗೆ ಎಳೆಯುವ ರಬ್ಬರಿನ ಚಕ್ರ ಸರ್. ಮರಳು ಸೇರಿದರೆ ಅದರ ರೆಕ್ಕೆ ಹರಿಯುತ್ತದೆ. ಹರಿದದ್ದು ಗೊತ್ತಾಗದೆ ಹೋದರೆ ಎಂಜಿನ್ ಕಾದು ಬೋಟು ನಡುನೀರಿನಲ್ಲಿ ನಿಲ್ಲುತ್ತದೆ. ಅದಕ್ಕೇ ಒಂದು ಒಯ್ಯುವವರಿಗೆ ಎರಡು ಒಯ್ಯಿರಿ ಅಂತ ಹೇಳ್ತೇನೆ. ಅದೇ ಬಿಲ್ಲಿನಲ್ಲಿ ನೋಡಿ, ಎರಡಿದೆ."

ಆಫೀಸರು ನೋಡಿದರು. ಎರಡಿತ್ತು. ಕೈಬರಹ ಅವಳದ್ದು. ಮತ್ತೆ ನಾಲ್ಕೈದು ಬಿಲ್ಲು ತಿರುಗಿಸಿ ಕೇಳಿದರು. ಎಲ್ಲದಕ್ಕೂ ಉತ್ತರ ಬಂತು.

"ಕೆಲಸ ಮಾಡುವುದು ನಿಜ" ಎಂದು ಬರೆದುಕೊಂಡರು. ಆಮೇಲೆ ಪೆನ್ನು ಮೇಲೆತ್ತದೆ ಕೇಳಿದರು. "ಬ್ಯಾಂಕಿನಲ್ಲಿ ಹಾಕಿದ್ದು ಕಾಣುವುದಿಲ್ಲ. ಎರಡು ವರ್ಷದ ಸಂಬಳ ಎಲ್ಲಿದೆ?"

ಶುಭಾ ನನ್ನ ಮುಖ ನೋಡಲಿಲ್ಲ. "ಅಪ್ಪನ ಹತ್ತಿರ ಇದೆ ಸರ್" ಎಂದಳು.

ಆಫೀಸರು ನನ್ನತ್ತ ತಿರುಗಿದರು. "ಇದೆಯಾ?"

ಇದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ಆದರೆ ಹಾಗನ್ನಲು ಬಾಯಿ ಬರಲಿಲ್ಲ. ನನ್ನನ್ನು ಉಳಿಸಲು ಅವಳೊಂದು ಸುಳ್ಳು ಹೇಳಿದ್ದಾಯಿತು, ಅದರ ಮೇಲೆ ನಾನೂ ಒಂದು ಹೇರುವುದೇ?

"ಇಲ್ಲ ಸರ್" ಎಂದೆ. "ಕೊಟ್ಟಿಲ್ಲ. ಒಂದು ತಿಂಗಳದ್ದೂ ಕೊಟ್ಟಿಲ್ಲ. ಸಹಿ ಮಾತ್ರ ಹಾಕಿಸಿಕೊಂಡೆ."

ಆಡಿಟರು ಕನ್ನಡಕ ತೆಗೆದು ಒರೆಸತೊಡಗಿದರು.

ಆಫೀಸರು ಬೈಯಲಿಲ್ಲ. ಪುಸ್ತಕ ಮುಚ್ಚಿ ಹೇಳಿದರು. "ಹೊರಗಿನವರಿಗೆ ಇದಕ್ಕಿಂತ ಜಾಸ್ತಿ ಕೊಡುತ್ತಿದ್ದಿರಿ. ಇವರಿಗೂ ಅಷ್ಟನ್ನೇ ಕೊಟ್ಟಿದ್ದರೂ ನಾನು ಒಪ್ಪುತ್ತಿದ್ದೆ. ಕೊಡದೇ ಇದ್ದದ್ದನ್ನು ಹೇಗೆ ಒಪ್ಪಲಿ?"

ಸಂಬಳದ ಖರ್ಚು ಪೂರ್ತಿ ತೆಗೆದುಹಾಕಿದರು. ಎರಡು ವರ್ಷದ ತೆರಿಗೆ, ಅದರ ಬಡ್ಡಿ, ಮೇಲೆ ದಂಡ. ಕಟ್ಟಿದ್ದೇನೆ. ಆಡಿಟರು ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಅವರ ಸಿಟ್ಟು ನ್ಯಾಯದ್ದೇ. ಸರಿದಾರಿಯನ್ನು ಅವರು ಮೊದಲೇ ತೋರಿಸಿದ್ದರಲ್ಲ. ಕಾನೂನು ಕೊಡಲು ಬಿಟ್ಟಿತ್ತು, ನನ್ನ ಜಿಪುಣತನ ಬಿಡಲಿಲ್ಲ.

ಮರುದಿನ ಅಂಗಡಿಯಲ್ಲಿ ಶುಭಾಳನ್ನು ಕರೆದು, "ಈ ತಿಂಗಳಿಂದ ಚೆಕ್ ಕೊಡ್ತೇನೆ. ನಾಲ್ಕು ಸಾವಿರ" ಎಂದೆ. ದೊಡ್ಡ ಉಪಕಾರ ಮಾಡಿದವನ ಧಾಟಿ ಇದ್ದಿರಬೇಕು.

"ಗಜಾನನ ಮಾಮನಿಗೆ ಎಷ್ಟು ಕೊಡ್ತಿದ್ದಿರಿ?"

"ಐದೂವರೆ."

"ಆದಿತ್ಯವಾರ?"

"ರಜೆ."

"ಚೌತಿಗೆ?"

"ಒಂದು ತಿಂಗಳ ಬೋನಸ್ಸು."

ಗಿರಾಕಿ ಬಂದಿದ್ದ, ಆ ಕಡೆ ಹೋದಳು. ನಾನು ಐದೂವರೆ ಸಾವಿರದ ಚೆಕ್ ಬರೆದೆ. ಹಳೆಯ ಎರಡು ವರ್ಷದ್ದನ್ನು ನನ್ನ ಮನೆಖರ್ಚಿನಿಂದ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದೇನೆ. ಆ ಬಾಕಿಯನ್ನು ಸಂಬಳ ಎಂದು ಲೆಕ್ಕದಲ್ಲಿ ತೋರಿಸುವ ಧೈರ್ಯ ಮತ್ತೆ ಬರಲಿಲ್ಲ. ಆ ಸಾಲ ತೀರಬಹುದು. ಬಸ್ಸಿನಲ್ಲಿ ಅವಳು ಹೇಳಿದ ಆ "ಕಾಯಲಿಲ್ಲ" ಎನ್ನುವುದನ್ನು ಯಾವ ಕಂತಿನಲ್ಲಿ ತೀರಿಸುವುದು?

ಈಗ ಆದಿತ್ಯವಾರ ಕೌಂಟರಿನಲ್ಲಿ ನಾನೊಬ್ಬನೇ. ಮೀನುಗಾರರು ಬಂದು ಒಳಗೆ ಇಣುಕುತ್ತಾರೆ. "ತಂಗಿ ಇಲ್ವಾ? ಹಾಗಾದ್ರೆ ನಾಳೆ ಬರ್ತೆ" ಎಂದು ಹೋಗುತ್ತಾರೆ. ಮೂವತ್ತು ವರ್ಷದಿಂದ ಈ ಅಂಗಡಿ ನನ್ನದು ಎಂದುಕೊಂಡಿದ್ದೆ. ಅವಳು ಮೊದಲ ಸಂಬಳದಲ್ಲಿ ಎಂತ ತಂದಳು ಎಂದು ನನಗೆ ಗೊತ್ತಿಲ್ಲ. ಕೇಳಿಲ್ಲ. ಗಜಾನನನನ್ನು ನಾನು ಹಾಗೆ ಕೇಳುತ್ತಿರಲಿಲ್ಲವಲ್ಲ.

ಮೊನ್ನೆ ಭಟ್ಕಳದಿಂದ ಒಬ್ಬ ಸ್ನೇಹಿತ ಫೋನ್ ಮಾಡಿದ. ದೊಡ್ಡ ಬಟ್ಟೆ ಅಂಗಡಿ, ಇಬ್ಬರು ಮಕ್ಕಳು, ಇಬ್ಬರೂ ಬೆಳಿಗ್ಗೆಯಿಂದ ಅಂಗಡಿಯಲ್ಲೇ. ನನ್ನ ಕತೆ ಅರ್ಧ ಕೇಳಿದ್ದನಂತೆ. "ಮಕ್ಕಳ ಹೆಸರಿನಲ್ಲಿ ಸಂಬಳ ಬರೆದರೆ ಟ್ಯಾಕ್ಸ್ ಉಳೀತದಂತೆ, ಹೌದಾ? ಹೇಗೆ ಬರೆಯುವುದು ಹೇಳು" ಎಂದ.

ಕೊಡಬೇಕು, ಚೆಕ್‌ನಲ್ಲೇ ಕೊಡಬೇಕು, ಹೊರಗಿನವರಿಗೆ ಕೊಡುವಷ್ಟು ಕೊಡಬೇಕು ಎಂದು ನಿಧಾನವಾಗಿ ಹೇಳಿದೆ. "ಎಷ್ಟು ಕೊಟ್ಟರೆ ಆದೀತು ಅಂತ ಮಕ್ಕಳನ್ನು ಒಂದು ಮಾತು ಕೇಳು" ಎಂದೂ ಸೇರಿಸಿದೆ.

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅವರನ್ನು ಎಂತಕ್ಕೆ ಕೇಳುವುದು?" ಎಂದ.