ಮೀಸೆಯಿದ್ದವನು, ಮೀಸೆಯಿಲ್ಲದವನು

ಮನೆ ಬದಲಿಸುವ ಗಡಿಬಿಡಿಯಲ್ಲಿ ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡುತ್ತಿದ್ದಾಗ ಒಮಾನಿ ಹಲ್ವದ ಹಳೆಯ ಡಬ್ಬಿಯೊಂದು ಸಿಕ್ಕಿತು. ಆಸೆಯಿಂದ ಮುಚ್ಚಳ ತೆಗೆದೆ. ಒಳಗಿದ್ದದ್ದು ಒಂದು ಮೀಸೆ! ನಾಟಕದವರು ಮೀಸೆ ಅಂಟಿಸುವ ಗೋಂದಿನ ಘಾಟು ಮೂಗಿಗೆ ಬಡಿದದ್ದೇ ತಡ, ಕೆಳಗಿನ ಮನೆಯ ಅಣ್ಣ ಎದುರಿಗೆ ಬಂದು ನಿಂತ ಹಾಗಾಯಿತು…

ನಾವು ಒಮಾನಿನ ಅಲ್ ಮವಾಲೇಹ್‌ನ ಈ ಕಟ್ಟಡಕ್ಕೆ ಬಂದಾಗ ಕೆಳಗಿನ ಫ್ಲ್ಯಾಟಿನಲ್ಲಿದ್ದ ಗಂಡಹೆಂಡತಿಯನ್ನು ಅಣ್ಣ, ಅಕ್ಕ ಎಂದೇ ಕರೆಯತೊಡಗಿದೆವು. ಉಡುಪಿ ಕಡೆಯವರು. ಅಣ್ಣನಿಗೆ ವಿಮೆ ಕಂಪನಿಯಲ್ಲಿ ಕೆಲಸ, ಜೀವವೆಲ್ಲ ತುಳು ನಾಟಕದಲ್ಲಿ. ಅವರು ಬಾಯಿ ತೆರೆದರೆ ಮೈಕೇ ಬೇಡ. ನನ್ನ ಗಂಡನಿಗೆ ಆಗ ಸಿನಿಮಾದ ಹುಚ್ಚು ಹಿಡಿದಿತ್ತು. ಅದೂ ಎಂಥ ಸಿನಿಮಾ, ಮನುಷ್ಯನ ಕ್ಲೋನ್ ಮಾಡುವ ಥ್ರಿಲ್ಲರ್! ರಜೆ ಸಿಗದ ವಿಜ್ಞಾನಿಯೊಬ್ಬ ತನ್ನದೇ ಕ್ಲೋನ್ ತಯಾರಿಸಿ, ಅದನ್ನು ಡ್ಯೂಟಿಗೆ ಹಚ್ಚಿ ಊರಿಗೆ ಹೊರಡುತ್ತಾನೆ. ಆದರೆ ಕ್ಲೋನಿಗೂ ಊರಿಗೇ ಹೋಗಬೇಕು. ಎರಡೂ ಪಾತ್ರ ಅಣ್ಣನದೇ. ಮೀಸೆಯಿದ್ದವನು ವಿಜ್ಞಾನಿ, ಇಲ್ಲದವನು ಕ್ಲೋನ್. ನನ್ನ ಅಡುಗೆಮನೆಯೇ ಪ್ರಯೋಗಶಾಲೆ, ಇಡ್ಲಿ ಪಾತ್ರೆಯ ಹಬೆಯೇ ರಾಸಾಯನಿಕದ ಹೊಗೆ. ರಜೆಯ ದಿನ ಶುಕ್ರವಾರವೇ ಶೂಟಿಂಗ್, ಅವತ್ತು ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುವ ಖಾತ್ರಿಯೇ ಇರಲಿಲ್ಲ.

ನಿರ್ದೇಶಕರಾದ ನನ್ನ ಗಂಡನಿಗೆ ತಲೆನೋವಾದದ್ದು ಅಣ್ಣನ ಎರಡು ಅಭ್ಯಾಸಗಳು. ರಂಗ ಹತ್ತುವವರ ಹಾಗೆ, ಕ್ಯಾಮೆರಾದ ಮುಂದೆ ಬರುವಾಗಲೆಲ್ಲ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

“ಮಾರಾಯ್ರೇ, ವಿಜ್ಞಾನಿ ಲ್ಯಾಬಿಗೆ ಬರುವಾಗ ನಮಸ್ಕಾರ ಮಾಡ್ತಾನಾ?” ಎಂದು ನನ್ನ ಗಂಡ ರೇಗಿದರೆ, “ಕೈ ಅದರಷ್ಟಕ್ಕೇ ಹೋಗ್ತದೆ, ಎಂತ ಮಾಡುದು?” ಎನ್ನುತ್ತಿದ್ದರು. ಇನ್ನೊಂದು, ಸಂಭಾಷಣೆ ಮುಗಿದ ಕೂಡಲೇ, ಕಟ್ ಹೇಳುವ ಮೊದಲೇ, ಒಲೆಯ ಕಡೆ ನಿಂತ ಅಕ್ಕನತ್ತ ತಿರುಗಿ ತುಳುವಿನಲ್ಲಿ “ಚಾ ಆಂಡಾ?” ಎಂದು ಕೇಳುವುದು. ಚಹಾ ಆಯಿತಾ ಎಂದು! ಎಷ್ಟು ಶಾಟುಗಳಿಗೆ ಆ ಚಹಾ ಕತ್ತರಿ ಹಾಕಿಸಿತೋ…

ಮೀಸೆಯವನ ಭಾಗವೆಲ್ಲ ಮುಗಿಯಿತು ಅನ್ನುವಾಗ ಅಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದರು ಡಾಕ್ಟರು. ತೆಗೆದರು. ಆ ಕಂಚಿನ ಕಂಠವಿದ್ದ ಮನುಷ್ಯ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದರು. ನನ್ನ ಗಂಡ, “ಖಲಾಸ್ ಅಣ್ಣಾ, ಸಿನಿಮಾ ಬೇಡ” ಎಂದರು. ಅಣ್ಣ ಮೊಬೈಲಿನಲ್ಲಿ ಬರೆದು ತೋರಿಸಿದರು. “ಕ್ಲೋನಿಗೆ ಮಾತು ಬರ್ಲೇಬೇಕು ಅಂತ ಉಂಟಾ?”

ಮಾತಿಲ್ಲದಿದ್ದರೆ ಇವನೂ ಅವನೇ ಎಂದು ನೋಡುವವರಿಗೆ ತಿಳಿಯುವುದು ಹೇಗೆ ಎಂಬುದಕ್ಕೂ ಉತ್ತರ ಅವರ ಬಳಿಯೇ ಇತ್ತು. ಕತ್ತರಿಸಿ ಬಿಸಾಡಿದ್ದ ಆ ನಮಸ್ಕಾರವನ್ನು ಮೀಸೆಯವನಿಗೆ ಮತ್ತೆ ಸೇರಿಸಿ, ಕ್ಲೋನೂ ಅದನ್ನೇ ಮಾಡಲಿ ಎಂದು ಬರೆದರು.

ಕ್ಲೋನಿನ ಭಾಗ ತೆಗೆದ ಆ ಶುಕ್ರವಾರವನ್ನು ನಾನು ಮರೆಯಲಾರೆ. ಮೊಬೈಲಿನಿಂದ ಅವರದೇ ಹಳೆಯ ದನಿ ಗುಡುಗುತ್ತಿತ್ತು: “ನಾನು ನಿನ್ನನ್ನು ಮಾಡಿದವನು! ನಿನಗೆ ಊರು ಎಲ್ಲಿಯದು?” ಹಬೆಯೊಳಗಿಂದ ಮೀಸೆಯಿಲ್ಲದ ಅಣ್ಣ ಬಂದರು. ಬಗ್ಗಿದರು, ನೆಲ ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಎದುರಿಗಿದ್ದದ್ದು ಖಾಲಿ ಗೋಡೆ. ಆ ಗೋಡೆಯಲ್ಲಿ ಅವರು ಕಳೆದುಕೊಂಡ ತಮ್ಮನ್ನೇ ನೋಡಿದರು. ಸಿಟ್ಟು, ಅಸೂಯೆ, ಕೊನೆಗೆ ಕರುಣೆ… ಒಂದು ಮುಖದಲ್ಲಿ ಅಷ್ಟೆಲ್ಲ ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕೈಮುಗಿಯಬೇಕೆನಿಸಿತು. ನಿರ್ದೇಶಕರು ಕಟ್ ಹೇಳುವುದನ್ನೇ ಮರೆತರು. ಅಷ್ಟರಲ್ಲಿ ಅಣ್ಣ ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿದರು. ತುಟಿ ಆಡಿತು, ದನಿಯಿಲ್ಲ. ಅಕ್ಕ ಲೋಟ ಹಿಡಿದುಕೊಂಡೇ ಅತ್ತುಬಿಟ್ಟರು.

ಸಿನಿಮಾವನ್ನು ನಮ್ಮ ಹಾಲಿನಲ್ಲೇ ಗೋಡೆಗೆ ಬೆಡ್‌ಶೀಟು ಕಟ್ಟಿ ತೋರಿಸಿದೆವು. ಮುಗಿದಾಗ ಮೇಲಿನ ಮನೆಯ ಹುಡುಗಿ ಅಣ್ಣನ ಕೈ ಹಿಡಿದು, “ಅಂಕಲ್, ವಿಚ್ ಒನ್ ಈಸ್ ಯು?” ಎಂದಳು. ಅಣ್ಣ ಸದ್ದಿಲ್ಲದೆ ನಕ್ಕರು.

ಅವರು ತೀರಿಹೋಗಿ ಈಗ ವರ್ಷವಾಯಿತು. ಅಕ್ಕ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಯ ಕೆಲಸ ಬಿಡದೆ ಇಲ್ಲೇ ಇದ್ದಾರೆ. ಮೀಸೆ ಸಿಕ್ಕಿತೆಂದು ಫೋನ್ ಮಾಡಿದಾಗ ನಿನ್ನೆ ಸಂಜೆ ಬಂದರು. ಸಿನಿಮಾ ಹಾಕಲಾ ಎಂದೆ.

“ಅದು ಬೇಡ. ಅದರಲ್ಲಿ ಅವರು ಪುಸ್ತಕದ ಕನ್ನಡ ಮಾತಾಡ್ತಾರೆ. ಕತ್ತರಿಸಿದ್ದು ಉಂಟಾ?”

ಇತ್ತು. ಸಾಮಾನು ಕಟ್ಟಿದ ಪೆಟ್ಟಿಗೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟು ಹಾಕಿದೆ. ಮೀಸೆಯ ಅಣ್ಣ ಗುಡುಗಿದರು, ಸಂಭಾಷಣೆ ಮುಗಿಸಿದರು, ಪಕ್ಕಕ್ಕೆ ತಿರುಗಿ ಕೇಳಿದರು.

“ಚಾ ಆಂಡಾ?”

ಅಕ್ಕ ಮೀಸೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನನ್ನ ಕಡೆ ನೋಡಲಿಲ್ಲ.

“ಆಂಡ್,” ಎಂದರು ಮೆಲ್ಲಗೆ. ಆಯಿತು ಎಂದು.