ಹತ್ತು ಗಂಟೆಯ ಮಾತು

ಕಣ್ಣಿಗೆ ಕಾಣದ್ದಕ್ಕೆ ಬೆಲೆ ಕಟ್ಟುವವನು ನಾನಲ್ಲ. ಪ್ರೇತ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ, ಮೊದಲು ಡಾಕ್ಟರಿಗೆ ತೋರಿಸಿ ಎಂದು ಬುದ್ಧಿ ಹೇಳುತ್ತಿದ್ದೆ. ನೀವೂ ಅಂಥವರಾದರೆ ಇದನ್ನು ಓದಿ, ತಪ್ಪಿದ್ದರೆ ತಿದ್ದಿ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಡಗುಗಳಿಗೆ ಹಗ್ಗ, ಪೈಪು, ಪಂಪು ಒದಗಿಸುವ ಅಂಗಡಿ ನನ್ನದು. ಪಕ್ಕದ ಟಯರ್ ಅಂಗಡಿ ಉಳ್ಳಾಲದ ಹಸನಾಕರದ್ದು. ನಡುವೆ ಒಂದು ಪಿಕಪ್ ನಿಲ್ಲುವಷ್ಟು ಜಾಗ. ಅದು ನನ್ನದೆಂದು ನಾನು, ತಮ್ಮದೆಂದು ಅವರು. ನನ್ನ ಗೋಡೌನಿನ ಬಾಗಿಲು ತೆರೆಯುವುದೇ ಅಲ್ಲಿಗೆ. ಅದು ಹೋದರೆ ಅರ್ಧ ವ್ಯಾಪಾರ ಮುಚ್ಚಿದಂತೆ.

ಆಗ ಗ್ಯಾಸ್ ಹಡಗುಗಳ ಸುರಕ್ಷತೆ ನೋಡಲು ಬರುತ್ತಿದ್ದ ಜಪಾನಿನ ಗಿರಾಕಿಯೊಬ್ಬರಿದ್ದರು. ಹಿಂದೆ ಅಲ್ಲಿನ ಕರಾವಳಿ ಕಾವಲು ಪಡೆಯಲ್ಲಿದ್ದವರು. ತಕರಾರಿನ ದ್ವೀಪಗಳನ್ನು ತಮ್ಮ ದೇಶ ಕಾಯುವ ಬಗೆಯನ್ನು ಒಮ್ಮೆ ವಿವರಿಸಿದರು. ಯುದ್ಧನೌಕೆ ಹಿಂದೆ, ದೂರದಲ್ಲಿ. ಮುಂದೆ ಬಿಳಿಯ ಕಾವಲು ಹಡಗು. ಎದುರಿನವರು ಬಂದಾಗಲೆಲ್ಲ ಜೊತೆಯಲ್ಲೇ ಸಾಗುತ್ತ ಒಂದೇ ಮಾತು: "ಇದು ನಮ್ಮ ನೀರು, ಹೊರಗೆ ಹೋಗಿ." ಗುಂಡಿಲ್ಲ, ಬೈಗುಳವಿಲ್ಲ. ಆದರೆ ಒಂದು ಸಲ ಹೇಳದೆ ಬಿಟ್ಟರೂ ಅದು ಎದುರಿನವರದೆಂದು ಒಪ್ಪಿಕೊಂಡಂತೆ. ಚೌಕಾಸಿ ಮಾಡಿ ಬದುಕು ಕಟ್ಟಿಕೊಂಡವನಿಗೆ ಇದರ ಬೆಲೆ ಗೊತ್ತು. ನೀವೂ ಕಲಿತಿಟ್ಟುಕೊಳ್ಳಿ.

ಹಸನಾಕರಿಗೆ ಕಳಿಸಲೆಂದು ಬರೆಸಿದ್ದ ವಕೀಲರ ನೋಟಿಸನ್ನು ಡ್ರಾಯರಿನಲ್ಲೇ ಇಟ್ಟು, ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗಿ ಹೇಳತೊಡಗಿದೆ: "ಹಸನಾಕಾ, ಇದು ನಮ್ಮ ಜಾಗ, ಗಾಡಿ ತೆಗೀರಿ."

"ಬಂದ್ರಾ? ನಿಮ್ಮನ್ನು ನೋಡಿಯೇ ನಾನು ವಾಚ್ ಸರಿ ಮಾಡುದು ಮಾರಾಯ್ರೆ" ಎಂದು ಅವರು ನಗುತ್ತಿದ್ದರು. ಅಲ್ಲಿ ನಿಲ್ಲಿಸಿದ್ದ ಅವರ ಪಿಕಪ್ ಮಾತ್ರ ಅಲುಗುತ್ತಿರಲಿಲ್ಲ. ಆ ಹೊತ್ತಿಗೆ ಅದರೊಳಗೆ ಕೂತು ಚಹಾ ಕುಡಿಯುವುದು ಅವರ ರೂಢಿ.

ಒಂದು ಮಂಗಳವಾರ ಊರಿನ ಇನ್ನೊಂದು ತುದಿಯ ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಮೀಟಿಂಗು. ಒಂಬತ್ತಕ್ಕೆ ಕೂತವನು ಹನ್ನೊಂದರವರೆಗೆ ಏಳಲಿಲ್ಲ. ಹತ್ತಾದಾಗ ಇವತ್ತು ಹೇಳಲಿಲ್ಲವಲ್ಲ ಎಂಬ ತಳಮಳ. ಮೇಜಿನಡಿ ಕಾಲು ನಿಲ್ಲುತ್ತಲೇ ಇರಲಿಲ್ಲ. ವಾಪಸು ಬಂದು ನೋಡಿದರೆ ಆ ಜಾಗದ ತುಂಬ ಕಬ್ಬಿಣದ ಪೈಪು. ನಾನೇ ಗೋಡೆಗೆ ಒರಗಿಸಿ ಇಡಿಸಿದ್ದ ರಾಶಿ ಜಾರಿ ಬಿದ್ದಿತ್ತು. ಪೈಪುಗಳಡಿ ಗಾಡಿಯನ್ನು ಹುಡುಕಿದೆ. ಆದರೆ ಪಿಕಪ್ ರಸ್ತೆಯಾಚೆ ನಿಂತಿತ್ತು. ಹಸನಾಕ ಅದಕ್ಕೆ ಒರಗಿ ನಿಂತಿದ್ದರು.

"ಹತ್ತಕ್ಕೆ ನೀವು ಬಂದು ಹೇಳಿದ್ದಕ್ಕೆ ಬದುಕಿದೆ ಶೆಟ್ರೇ. ಇವತ್ತು ನಿಮ್ಮ ಸ್ವರ ಕೇಳಿ ಯಾಕೋ ಹೆದರಿಕೆ ಆಯ್ತು, ಗಾಡಿ ತೆಗ್ದೆ."

"ನಾನು ಬರ್ಲೇ ಇಲ್ಲ ಮಾರಾಯ್ರೆ. ವೆಸ್ಟ್ ಬೇಯಲ್ಲಿದ್ದೆ."

"ತಮಾಷೆ ಬೇಡ, ಖಲಾಸ್, ಸಾಕು! ಕಿಟಕಿ ಹತ್ರ ನಿಂತದ್ದು ನೀವೇ. ಆದ್ರೆ ಇವತ್ತು ಮಾತ್ರ ನಮ್ಮ ಜಾಗ ಅನ್ಲಿಲ್ಲ ನೀವು. ನಮ್ಮ ನೀರು, ಹೊರಗೆ ಹೋಗಿ ಅಂದ್ರಿ. ಈ ಮರಳಲ್ಲಿ ನೀರೆಲ್ಲುಂಟು?"

ಜಪಾನಿನವರ ಆ ಮಾತನ್ನು ನಾನು ಹಸನಾಕರಿಗೆ ಎಂದೂ ಹೇಳಿರಲಿಲ್ಲ. ನನಗೆ ಹೇಳಿದ ಆ ಗಿರಾಕಿ ತಮ್ಮ ಊರಿಗೆ ಮರಳಿ ತಿಂಗಳುಗಳಾಗಿದ್ದವು.

ಜಾಗವನ್ನು ಅವರೇ ಬಿಟ್ಟುಕೊಟ್ಟರು. ಇಷ್ಟು ವರ್ಷವಾದರೂ ಗೋಡೌನಿನ ಆ ಬಾಗಿಲು ತೆರೆಯಲು ನನಗೆ ಕೈ ಬಂದಿಲ್ಲ. ಎಲ್ಲರಿಗೂ ಸಲಹೆ ಕೊಡುವವನು ಇದನ್ನು ಯಾರಲ್ಲಿ ಕೇಳಲಿ? ಆ ಹೊತ್ತು ನಾನು ವೆಸ್ಟ್ ಬೇಯಲ್ಲಿದ್ದೆ ಎನ್ನಲು ಮೀಟಿಂಗಿನಲ್ಲಿದ್ದ ಏಳು ಮಂದಿ ಸಾಕ್ಷಿಗಳಿದ್ದಾರೆ. ಇಲ್ಲಿದ್ದೆ ಎನ್ನಲು ಒಬ್ಬರೇ. ಆ ಒಬ್ಬರು ಬದುಕಿರುವುದೇ ನಾನು ಇಲ್ಲಿದ್ದುದರಿಂದ.